ಹಲ್ಲಿಗೆ ಚಳಿಯಾದರೆ ಏನು ಮಾಡೋದು?

"ಹಲ್ಲಿನಾ?! ನಮ್ಮನೆ ಗೋಡೆ ತುಂಬಾ ಪುಕ್ಕಟೆ ಓಡಾಡ್ಕೊಂಡಿರೋದನ್ನ ನೀನು ಅಷ್ಟು ದೂರ ಹೋಗಿ ಸಾಕ್ತಿದ್ದೀಯಾ?"

ಅಮ್ಮನಿಗೆ ಮೊದಲ ಸಲ ವಿಷಯ ಹೇಳಿದಾಗ ಬಂದ ಉತ್ತರ ಇದು. ಪಕ್ಕದಲ್ಲಿದ್ದ ಅಪ್ಪ, ಮೈಮೇಲೆ ಬಿದ್ರೆ ಏನು ಫಲ ಅಂತ ಪಂಚಾಂಗ ನೋಡ್ಕೋಬೇಕಾ ಅಂತ ನಕ್ಕಿದ್ದರು. ನಿಜ ಹೇಳಬೇಕು ಅಂದ್ರೆ ನಾನು ಸಾಕಬೇಕು ಅಂತ ತಂದಿದ್ದಲ್ಲ. ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನನ್ನ ಜೊತೆ ಮನೆ ಹಂಚಿಕೊಂಡಿದ್ದ ಹುಡುಗ 2022ರ ಬೇಸಿಗೆಯಲ್ಲಿ ಬೇರೆ ದೇಶದಲ್ಲಿ ಕೆಲಸ ಸಿಕ್ಕಿ ಹೊರಟ. ಹೊರಡುವಾಗ "ಎರಡು ತಿಂಗಳು ನೋಡ್ಕೋ" ಅಂತ ಒಂದು ಮರದ ಪೆಟ್ಟಿಗೆ ಬಿಟ್ಟು ಹೋದ. ಮೂರಡಿ ಉದ್ದ, ಮುಂದುಗಡೆ ಜಾರಿಸುವ ಗಾಜಿನ ಬಾಗಿಲು, ಒಳಗೆ ಹಳದಿ ಮೈಮೇಲೆ ಕಪ್ಪು ಚುಕ್ಕೆಯ ಒಂದು ಲೆಪರ್ಡ್ ಗೆಕೊ. ಎರಡು ತಿಂಗಳು ಹೋಗಿ ವರ್ಷಗಳೇ ಆದವು, ಆಸಾಮಿ ಪತ್ತೆ ಇಲ್ಲ :) ನಾನು ಅದಕ್ಕೆ ಗೌಳಿ ಅಂತ ಹೆಸರಿಟ್ಟೆ. ಇಲ್ಲಿಯವರ ಬಾಯಲ್ಲಿ ಅದು "ಗಾಲಿ" ಆಗಿದೆ.

ಗೌಳಿ ನಮ್ಮ ಗೋಡೆ ಹಲ್ಲಿಯಂತಲ್ಲ. ಬೆರಳಿಗೆ ಅಂಟುವ ಪಟ್ಟಿ ಇಲ್ಲ, ಹಾಗಾಗಿ ಗೋಡೆ ಹತ್ತಲಾರದು. ಕಣ್ಣಿಗೆ ರೆಪ್ಪೆ ಇದೆ, ಮನುಷ್ಯರ ಹಾಗೆ ಕಣ್ಣು ಮುಚ್ಚಿ ಮಲಗುತ್ತೆ. ದಪ್ಪ ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಳ್ಳುತ್ತೆ. ಮೂಲ ಊರು ಅಫ್ಘಾನಿಸ್ತಾನ, ಪಾಕಿಸ್ತಾನ, ನಮ್ಮ ದೇಶದ ವಾಯವ್ಯ ಭಾಗ. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1854ರಲ್ಲಿ ಈ ಜಾತಿಗೆ ವೈಜ್ಞಾನಿಕ ಹೆಸರು ಕೊಟ್ಟ. ಅಂದ್ರೆ ಪೆಟ್ಟಿಗೆಯ ಒಳಗಿರೋದೂ ಹೊರಗಿರೋದೂ ಒಂದೇ ಉಪಖಂಡದಿಂದ ಬಂದು ಇಂಗ್ಲೆಂಡಿನ ಚಳಿಗೆ ಸಿಕ್ಕಿಹಾಕಿಕೊಂಡ ಪ್ರಾಣಿಗಳು ಅಂತ ಆಯ್ತು.

ಈಗ ಹೇಳಹೊರಟಿರುವುದು 2022ರ ಡಿಸೆಂಬರ್‌ನ ಒಂದು ರಾತ್ರಿಯ ಕತೆ, ಮತ್ತು ಆ ರಾತ್ರಿಯಿಂದಾಗಿ ನಾನು ಓದಿಕೊಂಡ ಸುಮಾರು ಇನ್ನೂರೈವತ್ತು ವರ್ಷದ ಕತೆ.

ಆ ತಿಂಗಳ ಎರಡನೇ ವಾರ ಇಲ್ಲಿ ಹಗಲೂ ರಾತ್ರಿ ಹೆಪ್ಪುಗಟ್ಟುವ ಚಳಿ. ಲಂಡನ್ ಸುತ್ತಮುತ್ತ ಹಿಮ ಬಿದ್ದಿತ್ತು. ಆ ವರ್ಷ ಉಕ್ರೇನ್ ಯುದ್ಧದಿಂದ ಗ್ಯಾಸು, ಕರೆಂಟು ಎಲ್ಲಾ ತುಟ್ಟಿ. ಕರೆಂಟು ಯೂನಿಟ್‌ಗೆ ಸುಮಾರು 34 ಪೆನ್ಸ್. ನಾವು ರಾತ್ರಿ ಮನೆಯ ಹೀಟಿಂಗ್ ಆಫ್ ಮಾಡಿ, ಎರಡು ಸ್ವೆಟರ್ ಹಾಕ್ಕೊಂಡು ಮಲಗ್ತಾ ಇದ್ವಿ. ಗೌಳಿಗೆ ಮಾತ್ರ ಪೆಟ್ಟಿಗೆಯ ಒಂದು ತುದಿಯಲ್ಲಿ 75 ವ್ಯಾಟಿನ ಸೆರಾಮಿಕ್ ಹೀಟರ್, ಅದಕ್ಕೊಂದು ಥರ್ಮೋಸ್ಟಾಟ್. ಲೆಕ್ಕ ಹಾಕಿದ್ದೆ: ಹನ್ನೆರಡು ಗಂಟೆಯಲ್ಲಿ ಅರ್ಧ ಹೊತ್ತು ಉರಿದರೂ ಅರ್ಧ ಯೂನಿಟ್ಟಿಗಿಂತ ಕಮ್ಮಿ, ರಾತ್ರಿಗೆ 15 ಪೆನ್ಸ್. ಆಗ ಖರ್ಚು ತಡೆಯಲಾರದೆ ಇಂಥ ಪ್ರಾಣಿಗಳನ್ನು ಬಿಟ್ಟುಕೊಡುತ್ತಿರುವವರ ಸುದ್ದಿ ಪೇಪರ್‌ಗಳಲ್ಲಿ ಬರ್ತಾ ಇತ್ತು. ನನಗೆ 15 ಪೆನ್ಸ್ ದೊಡ್ಡದಲ್ಲ ಬಿಡಿ. ಆದರೆ ಮನುಷ್ಯರಿಗಿಲ್ಲದ ಹೀಟರ್ ಹಲ್ಲಿಗೆ ಅಂತ ರೂಮ್‌ಮೇಟುಗಳು ರೇಗಿಸ್ತಾ ಇದ್ರು.

ರಾತ್ರಿ ಒಂದು ಗಂಟೆ ಹೊತ್ತಿಗೆ ನೀರು ಕುಡಿಯೋಕೆ ಎದ್ದವನು ಸುಮ್ಮನೆ ಆ ಕಡೆ ಕಣ್ಣು ಹಾಯಿಸಿದೆ. ಥರ್ಮೋಸ್ಟಾಟ್‌ನ ದೀಪ ಇಲ್ಲ. ಹೀಟರ್ ಮುಟ್ಟಿದರೆ ತಣ್ಣಗೆ. ಕೋಣೆಯಲ್ಲಿ 13 ಡಿಗ್ರಿ, ಪೆಟ್ಟಿಗೆಯಲ್ಲಿ 15. ಗೌಳಿ ಕಲ್ಲಿನ ಕೆಳಗೆ ಅಲುಗಾಡದೆ ಬಿದ್ದಿತ್ತು. ಮುಟ್ಟಿದರೆ ನಿಧಾನಕ್ಕೆ ಒಂದು ಕಣ್ಣು ತೆರೆದು ಮತ್ತೆ ಮುಚ್ಚಿತು. ನನ್ನ ಕೈಕಾಲು ತಣ್ಣಗಾಯ್ತು. ಯಾರದೋ ಪ್ರಾಣಿ, ನನ್ನ ಕೈಲಿ ಸತ್ತು ಹೋದ್ರೆ?

ಎಂಜಿನಿಯರ್ ಬುದ್ಧಿ ತಕ್ಷಣ ಕೆಲಸ ಮಾಡಿತು. ಕೆಟಲ್‌ನಲ್ಲಿ ನೀರು ಕುದಿಸಿ ನಾಲ್ಕು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿ, ಕಾಲುಚೀಲ ತೊಡಿಸಿ, ನಾಲ್ಕು ಮೂಲೆಗೂ ಒಂದೊಂದು ಇಟ್ಟೆ. ಮೇಲೆ ನನ್ನ ರಜಾಯಿ ಹೊದಿಸಿ, ಸಂದಿಗೊಂದಿಗೆ ಟವೆಲ್ ತುರುಕಿದೆ. ಆಮೇಲೆ ಇನ್ಯಾರಿಗೆ ಹೇಳೋದು ಅಂತ ಅಮ್ಮನಿಗೆ ಫೋನ್ ಮಾಡಿದೆ. ಊರಲ್ಲಿ ಬೆಳಿಗ್ಗೆ ಆರೂವರೆ.

"ಏನಪ್ಪಾ, ಇಷ್ಟೊತ್ತಲ್ಲಿ? ಹುಷಾರಿದ್ದೀಯಾ?"

"ನಾನು ಹುಷಾರಿದ್ದೀನಮ್ಮ, ಹಲ್ಲಿಗೆ ಚಳಿ ಆಗಿದೆ."

ಒಂದು ಕ್ಷಣ ಆ ಕಡೆ ಮಾತಿಲ್ಲ. ನಾನು ಮಾಡಿದ್ದನ್ನೆಲ್ಲಾ ಹೇಳಿದೆ. ನಗ್ತಾಳೆ ಅಂದುಕೊಂಡಿದ್ದೆ, ನಗಲಿಲ್ಲ. ನೇರವಾಗಿ ಕೇಳಿದ್ಲು: "ನಾಕು ಮೂಲೆಗೂ ಬಿಸಿ ಇಟ್ರೆ ಅದು ಹೋಗೋದೆಲ್ಲಿಗೆ?"

ರಜಾಯಿ ಎತ್ತಿ ನೋಡಿದೆ. ಥರ್ಮಾಮೀಟರ್ 37 ತೋರಿಸ್ತಾ ಇತ್ತು! ಗೌಳಿ ಎದ್ದಿತ್ತು, ಆದರೆ ಗಾಜಿನ ಬಾಗಿಲ ಸಂದಿಗೆ ಮೂತಿ ಒತ್ತಿ, ಬಾಯಿ ಅರ್ಧ ತೆರೆದು ನಿಂತಿತ್ತು. ಇಡೀ ಪೆಟ್ಟಿಗೆಯಲ್ಲಿ ಸ್ವಲ್ಪ ತಣ್ಣನೆ ಗಾಳಿ ಬರ್ತಿದ್ದ ಜಾಗ ಅದೊಂದೇ. ಇನ್ನು ಕೆಲವೇ ಡಿಗ್ರಿ ಏರಿದ್ದರೆ ನಾನೇ ಅದನ್ನ ಬೇಯಿಸಿಬಿಡ್ತಿದ್ದೆ. ಮೂರು ಬಾಟಲಿ ಎಳೆದು ಹಾಕಿ, ಒಂದನ್ನ ಒಂದು ತುದಿಗೆ ಮಾತ್ರ ಇಟ್ಟು ಬಾಗಿಲು ಒಂಚೂರು ಸರಿಸಿದೆ.

ಅಮ್ಮನಿಗೆ ಇದು ಹೇಗೆ ಗೊತ್ತು ಅಂದ್ರೆ, ಅವಳ ತವರು ರಾಮನಗರದ ಹತ್ತಿರದ ಹಳ್ಳಿ. ಅಜ್ಜಿ ರೇಷ್ಮೆ ಹುಳ ಸಾಕುತ್ತಿದ್ದರು. ರೇಷ್ಮೆ ಹುಳಕ್ಕೂ ತನ್ನದೇ ಮೈಬಿಸಿ ಇಲ್ಲ. ಹೊರಗೆ ಚಳಿ ಇದ್ರೆ ಸೊಪ್ಪು ತಿನ್ನಲ್ಲ, ಜ್ವರಕ್ಕೆ ಕೂತದ್ದು ಬೇಗ ಏಳಲ್ಲ. (ಹುಳ ಪೊರೆ ಬಿಡುವ ಹಂತಕ್ಕೆ ನಮ್ಮ ಕಡೆ ಜ್ವರ ಅಂತಾರೆ.) ಧನುರ್ಮಾಸದ ರಾತ್ರಿಗಳಲ್ಲಿ ಹುಳುಮನೆಯ ಒಂದು ಮೂಲೆಯಲ್ಲಿ ಇದ್ದಿಲ ಕುಂಪಟೆ ಇಡೋರು. ಗಾಳಿ ಒಣಗಬಾರದು ಅಂತ ಒದ್ದೆ ಗೋಣಿತಾಟು ನೇತು ಹಾಕೋರು. "ಆದ್ರೆ ಕುಂಪಟೆ ತಟ್ಟೆ ಬುಡಕ್ಕೆ ಇಡ್ತಿರಲಿಲ್ಲ ಕಣೋ. ಕಿಟಕಿ ಒಂದು ಬೆಟ್ಟು ತೆಗೆದೇ ಇರೋದು. ಪೂರ್ತಿ ಮುಚ್ಚಿದ್ರೆ ಹುಳ ಬೆಂದೋಗ್ತವೆ ಅಂತ ನಿಮ್ಮಜ್ಜಿ ರಾತ್ರಿ ಎರಡು ಸಲ ಎದ್ದು ನೋಡೋರು." ಸಣ್ಣವನಿದ್ದಾಗ ಆ ಹುಳುಮನೆಯಲ್ಲಿ ಚಂದ್ರಂಕಿಗೆ ಒರಗಿ ಮಲಗಿದ್ದು ನನಗೂ ನೆನಪಿದೆ. ಕುಂಪಟೆ ಎಲ್ಲಿತ್ತು, ಕಿಟಕಿ ತೆರೆದಿತ್ತಾ ಅನ್ನೋದನ್ನ ಮಾತ್ರ ಗಮನಿಸಿರಲಿಲ್ಲ.

ಗೌಳಿ ಬದುಕಿತು. ಮರುದಿನ ಸಂಜೆ ಎರಡು ಮಿಡತೆ ತಿಂತು. ಆದರೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೂತುಬಿಟ್ಟಿತು. ಅಜ್ಜಿಗೆ ಗೊತ್ತಿದ್ದದ್ದು ಈ ಪ್ರಾಣಿಗಳನ್ನು ಸಾಕಿದ ದೊಡ್ಡ ದೊಡ್ಡವರಿಗೆ ಯಾವಾಗ ಗೊತ್ತಾಯ್ತು? ಹುಡುಕ್ತಾ ಹೋದೆ. ಸಿಕ್ಕಿದ್ದು ಒಳ್ಳೆ ಕತೆ.

ಇಂಗ್ಲೆಂಡಿನಲ್ಲಿ ಈ ವಿಷಯಕ್ಕೆ ಎಲ್ಲರೂ ಮೊದಲು ನೆನೆಸಿಕೊಳ್ಳೋದು ಒಂದು ಆಮೆಯನ್ನು. ಹೆಸರು ತಿಮೋತಿ. ಸೆಲ್ಬೋರ್ನ್ ಅನ್ನೋ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್, ತನ್ನ ಸೋದರತ್ತೆ ಸಾಕಿದ್ದ ಈ ಆಮೆಯನ್ನು 1780ರಲ್ಲಿ ತನ್ನ ಮನೆಗೆ ತಂದ. 1789ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಇದರ ದಿನಚರಿ ಬರುತ್ತೆ. ಬೆಚ್ಚಗಿಡೋಕೆ ಅವನ ಹತ್ತಿರ ಏನೂ ಇರಲಿಲ್ಲ. ಒಂದು ತೋಟ, ಒಂದು ಗೋಡೆ, ಅಷ್ಟೇ. ಉಳಿದದ್ದನ್ನೆಲ್ಲಾ ಆಮೆಯೇ ಮಾಡಿಕೊಳ್ತಿತ್ತು. ನವೆಂಬರ್ ಬಂದರೆ ಮಣ್ಣು ತೋಡಿ ಒಳಗೆ ಸೇರ್ತಿತ್ತು, ಏಪ್ರಿಲ್ ಹೊತ್ತಿಗೆ ಮೇಲೆ ಬರ್ತಿತ್ತು. ಬಿಸಿಲು ಕಮ್ಮಿ ಇದ್ದ ದಿನಗಳಲ್ಲಿ ಚಿಪ್ಪನ್ನು ಗೋಡೆಗೆ ಓರೆಯಾಗಿ ಆನಿಸಿ ನಿಂತು ಸಿಕ್ಕಷ್ಟು ಬಿಸಿಲು ಹಿಡಿಯುತ್ತಿತ್ತು. ನಮ್ಮ ಸೋಲಾರ್ ಪ್ಯಾನೆಲ್ ಓರೆಯಾಗಿ ಇಡ್ತೀವಲ್ಲ, ಹಾಗೆ! ವೈಟ್ 1793ರಲ್ಲಿ ತೀರಿಕೊಂಡ, ಆಮೆ ಮರುವರ್ಷ. ಸತ್ತ ಮೇಲೆ ಗೊತ್ತಾಯ್ತು ತಿಮೋತಿ ಗಂಡಲ್ಲ, ಹೆಣ್ಣು ಅಂತ. ಅದರ ಚಿಪ್ಪು ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ವೈಟ್ ಏನನ್ನೂ ಬಿಸಿ ಮಾಡಲಿಲ್ಲ, ಸುಮ್ಮನೆ ನೋಡಿದ. ಮುಂದಿನ ಪೀಳಿಗೆಗೆ ಆ ತಾಳ್ಮೆ ಇರಲಿಲ್ಲ. ಇರೋಕೂ ಸಾಧ್ಯವಿರಲಿಲ್ಲ ಅನ್ನಿ. ಹಡಗುಗಳಲ್ಲಿ ಆಫ್ರಿಕಾ, ಇಂಡಿಯಾ, ದಕ್ಷಿಣ ಅಮೆರಿಕದಿಂದ ಹಾವು, ಮೊಸಳೆ, ಉಡಗಳು ಬರತೊಡಗಿದ್ದವು. ಅವು ಇಂಗ್ಲೆಂಡಿನ ಮಣ್ಣು ತೋಡಿಕೊಂಡು ಬದುಕುವಂಥವಲ್ಲ. 1845ರಲ್ಲಿ ಬ್ರಿಟನ್ ಸರ್ಕಾರ ಗಾಜಿನ ಮೇಲಿದ್ದ ತೆರಿಗೆ ತೆಗೆದುಹಾಕಿತು. ಗಾಜು ಅಗ್ಗವಾಯ್ತು, ಗಾಜಿನ ಮನೆಗಳು, ಗಾಜಿನ ಪೆಟ್ಟಿಗೆಗಳು ಹೆಚ್ಚಾದವು. 1849ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್‌ನ ಮೃಗಾಲಯದಲ್ಲಿ ಸರೀಸೃಪಗಳಿಗಂತಲೇ ಒಂದು ಮನೆ ಶುರುವಾಯ್ತು. ಜಗತ್ತಿನಲ್ಲೇ ಅಂಥದ್ದು ಮೊದಲನೆಯದು.

ಆ ಕಾಲದ ಪದ್ಧತಿ ಅಂದ್ರೆ ಕಲ್ಲಿದ್ದಲು ಬಾಯ್ಲರ್, ಅದರಿಂದ ಹೊರಟ ಬಿಸಿನೀರಿನ ಪೈಪು. ಶ್ರೀಮಂತರು ತಮ್ಮ ತೋಟದ ಗಾಜಿನ ಮನೆಯಲ್ಲಿ ಅನಾನಸ್ ಬೆಳೆಯೋಕೆ ಬಳಸಿದ್ದೂ ಅದನ್ನೇ. ಇದರ ತೊಂದರೆ ಊಹಿಸಬಹುದು. ಬಾಯ್ಲರ್ ಒಂದು, ಮನೆ ಒಂದು, ಬಿಸಿಯೂ ಒಂದೇ. ಮರಳುಗಾಡಿನ ಹಾವಿಗೂ ಕಾಡಿನ ಹಾವಿಗೂ ಅದೇ. ಹಗಲಿಗೂ ರಾತ್ರಿಗೂ ಅದೇ. ಗಾಜಿನ ಪೆಟ್ಟಿಗೆಯೊಳಗಿನ ದೊಡ್ಡ ಹಾವುಗಳಿಗೆ ಚಳಿಯಾಗದಿರಲಿ ಅಂತ ಕಂಬಳಿ ಕೊಡ್ತಾ ಇದ್ರು. ಅದರದ್ದೂ ಒಂದು ತಮಾಷೆ ಇದೆ. 1850ರ ಆಸುಪಾಸಿನಲ್ಲಿ ಅಲ್ಲಿನ ಒಂದು ದೊಡ್ಡ ಹಾವು ತನಗೆ ಹೊದೆಯಲು ಕೊಟ್ಟ ಕಂಬಳಿಯನ್ನೇ ನುಂಗಿಬಿಟ್ಟಿತು! ಕೆಲವು ವಾರ ಹೊಟ್ಟೆಯಲ್ಲಿಟ್ಟುಕೊಂಡು ಆಮೇಲೆ ಕಕ್ಕಿತು. ಯೋಚಿಸಿ ನೋಡಿದ್ರೆ ಕಂಬಳಿಯ ತಪ್ಪು ಅಲ್ಲೇ ಇದೆ. ಕಂಬಳಿ ಬಿಸಿ ಕೊಡಲ್ಲ, ಒಳಗಿನ ಬಿಸಿಯನ್ನ ಹೊರಗೆ ಹೋಗದಂತೆ ತಡೆಯುತ್ತೆ ಅಷ್ಟೇ. ಒಳಗೆ ಬಿಸಿಯೇ ಹುಟ್ಟದ ಪ್ರಾಣಿಗೆ ಕಂಬಳಿ ಹೊದಿಸಿದ್ರೆ ಏನು ಪ್ರಯೋಜನ? ಕೊಟ್ಟವರು ತಮಗೆ ಚಳಿಯಾದಾಗ ಏನು ಮಾಡ್ತಿದ್ರೋ ಅದನ್ನೇ ಹಾವಿಗೂ ಮಾಡಿದ್ರು. ನಾನು ರಜಾಯಿ ಹೊದಿಸಿದ ಹಾಗೆ.

"ಬಿಸಿ ಹುಟ್ಟದ ಪ್ರಾಣಿ" ಅಂದೆನಲ್ಲ, ಅದಕ್ಕೊಂದು ಅಪವಾದ ಇದೆ, ಅದೂ ನಮ್ಮ ಕಡೆಯಿಂದ ಹೋದ ಸುದ್ದಿ. 1820ರ ದಶಕದಲ್ಲಿ ಇಂಡಿಯಾ ಸುತ್ತಿದ ಲಮಾರ್-ಪಿಕೋ ಅನ್ನುವ ಫ್ರೆಂಚ್ ಪ್ರವಾಸಿ, ಹೆಬ್ಬಾವು ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡು ಕೋಳಿಯ ಹಾಗೆ ಕಾವು ಕೊಡುತ್ತೆ ಅಂತ ವರದಿ ಮಾಡಿದ. ಪ್ಯಾರಿಸ್ಸಿನ ವಿದ್ವಾಂಸರು ನಂಬಲಿಲ್ಲ. ತಣ್ಣನೆ ರಕ್ತದ ಪ್ರಾಣಿ ಕಾವು ಕೊಡೋದು ಅಂದ್ರೇನು? ಆದರೆ 1841ರಲ್ಲಿ ಪ್ಯಾರಿಸ್ಸಿನ ಮೃಗಾಲಯದಲ್ಲೇ ಒಂದು ಹೆಬ್ಬಾವು ಮೊಟ್ಟೆಯಿಟ್ಟು ಸುತ್ತಿ ಕೂತಿತು. ವಲಾಂಸಿಯೆನ್ ಎಂಬ ಪ್ರಾಣಿಶಾಸ್ತ್ರಜ್ಞ ಥರ್ಮಾಮೀಟರ್ ಹಿಡಿದು ಅಳೆದ. ಸುರುಳಿಯ ನಡುವಿನ ಬಿಸಿ ಸುತ್ತಲಿಗಿಂತ ಹಲವು ಡಿಗ್ರಿ ಹೆಚ್ಚಿತ್ತು! ಸುಮಾರು ಎಂಟು ವಾರಕ್ಕೆ ಮರಿಗಳೂ ಬಂದವು. 1862ರಲ್ಲಿ ಲಂಡನ್ನಿನಲ್ಲೂ ಒಂದು ಆಫ್ರಿಕದ ಹೆಬ್ಬಾವು ಹೀಗೆ ಕೂತಾಗ ಅಳೆದರು, ಅದೇ ಪೆಟ್ಟಿಗೆಯ ಗಂಡಿಗಿಂತ ಹೆಣ್ಣಿನ ಮೈ ಬೆಚ್ಚಗಿತ್ತು.

ಹೇಗೆ ಅನ್ನೋದು ಪೂರ್ತಿ ಗೊತ್ತಾಗೋಕೆ ಇನ್ನೂ ನೂರು ವರ್ಷ ಬೇಕಾಯ್ತು. ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯದ ಒಂದು ಬರ್ಮಾ ಹೆಬ್ಬಾವನ್ನು ಪರೀಕ್ಷಿಸಿ ಹಚಿಸನ್, ಡೌಲಿಂಗ್ ಮತ್ತು ವಿನೆಗರ್ ಎಂಬ ಮೂವರು 1966ರಲ್ಲಿ ಬರೆದರು. ಸುತ್ತಲಿನ ಗಾಳಿ 33 ಡಿಗ್ರಿಗಿಂತ ಕೆಳಗಿಳಿದರೆ ತಾಯಿ ಹಾವು ಮೈಯ ಮಾಂಸಖಂಡಗಳನ್ನು ಬಿಟ್ಟುಬಿಟ್ಟು ಬಿಗಿ ಹಿಡಿಯುತ್ತೆ, ನಾವು ಚಳಿಗೆ ನಡುಗಿದ ಹಾಗೆ. ಆ ಕೆಲಸದಿಂದ ಬಿಸಿ ಹುಟ್ಟುತ್ತೆ. ತಿಂಗಳುಗಟ್ಟಲೆ ಊಟ ಬಿಟ್ಟು ನಡುಗುತ್ತಾ ಕೂರೋ ತಾಯಿ! ಇದನ್ನ ಓದಿದ ದಿನ ಅಜ್ಜಿ ರಾತ್ರಿ ಎರಡು ಸಲ ಎದ್ದು ಹುಳುಮನೆಗೆ ಹೋಗ್ತಿದ್ದದ್ದು ನೆನಪಾಯ್ತು.

ಈಗ ನನ್ನ ಮೆಚ್ಚಿನ ಅಧ್ಯಾಯಕ್ಕೆ ಬರ್ತೀನಿ. ಜೋನ್ ಬೊಶಾಂಪ್ ಪ್ರಾಕ್ಟರ್. 1897ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಹುಡುಗಿ. ಹತ್ತು ವರ್ಷದವಳಿದ್ದಾಗಲೇ ಹಾವು, ಹಲ್ಲಿ ಸಾಕುತ್ತಿದ್ದಳಂತೆ. ಊಟಕ್ಕೆ ಕೂತರೆ ಪಕ್ಕದಲ್ಲಿ ದೊಡ್ಡ ಹಲ್ಲಿ. ಹದಿನಾರಕ್ಕೆ ಒಂದು ಮರಿ ಮೊಸಳೆ ಸಿಕ್ಕಿತು, ಅದನ್ನು ಸ್ಕೂಲಿಗೂ ತೆಗೆದುಕೊಂಡು ಹೋದಳು, ಗಣಿತದ ಕ್ಲಾಸಿಗೆ! ಆದರೆ ಚಿಕ್ಕಂದಿನಿಂದಲೂ ಕಾಯಿಲೆ. ಆರೋಗ್ಯ ಕೈಕೊಟ್ಟಿದ್ದರಿಂದ ಯೂನಿವರ್ಸಿಟಿ ಓದು ಆಗಲಿಲ್ಲ. ಬ್ರಿಟಿಷ್ ಮ್ಯೂಸಿಯಂನಲ್ಲಿ ಸರೀಸೃಪಗಳ ದೊಡ್ಡ ಪಂಡಿತ ಬುಲೆಂಜರ್ ಹತ್ತಿರ ಕೆಲಸ ಕಲಿತು, 1923ರಲ್ಲಿ ಲಂಡನ್ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆಯಾದಳು. ಡಿಗ್ರಿ ಇಲ್ಲದ ಇಪ್ಪತ್ತಾರು ವರ್ಷದ ಹುಡುಗಿ. (ನನಗೆ ಡಿಗ್ರಿ ಇದೆ, ಅವಳಿಗಿಂತ ವಯಸ್ಸೂ ಜಾಸ್ತಿ ಆಗಿದೆ, ನಾನು ಬಾಟಲಿಗೆ ಕಾಲುಚೀಲ ತೊಡಿಸಿದೆ :( )

ಆಗ ಹಾವುಗಳಿದ್ದದ್ದು 1883ರಲ್ಲಿ ಕಟ್ಟಿದ ಎರಡನೇ ಮನೆಯಲ್ಲಿ. ಜೋನ್ ಹೊಸ ಮನೆಗೆ ನಕ್ಷೆ ಹಾಕಿದಳು, ಕಟ್ಟಡವನ್ನು ರೂಪಿಸಿದ್ದು ಗೈ ಡಾಬರ್ ಎಂಬ ಆರ್ಕಿಟೆಕ್ಟ್. 1927ರಲ್ಲಿ ತೆರೆಯಿತು. ಅದರಲ್ಲಿ ಏನು ವಿಶೇಷ ಅಂದ್ರೆ ಕರೆಂಟಿನ ಬಿಸಿ, ಅದೂ ಒಂದೊಂದು ಪೆಟ್ಟಿಗೆಗೆ ಬೇರೆ ಬೇರೆ. ಮರಳುಗಾಡಿನದಕ್ಕೆ ಒಂದು, ಮಳೆಕಾಡಿನದಕ್ಕೆ ಇನ್ನೊಂದು. ಮನುಷ್ಯರು ಓಡಾಡುವ ಹಜಾರ ಕತ್ತಲಾಗಿದ್ದು ಪ್ರಾಣಿಗಳಿರುವ ಕಡೆ ಮಾತ್ರ ಬೆಳಕು. ಮಾಮೂಲಿ ಗಾಜು ಬಿಸಿಲಿನ ಅತಿನೇರಳೆ ಕಿರಣವನ್ನ ತಡೆಯುತ್ತೆ ಅಂತ, ಅದನ್ನ ಒಳಗೆ ಬಿಡುವ ವೀಟಾ ಗ್ಲಾಸ್ ಎಂಬ ವಿಶೇಷ ಗಾಜು ಹಾಕಿಸಿದಳು. ಬಾಯ್ಲರ್ ಕಾಲ ಮುಗಿದದ್ದು ಅಲ್ಲಿ. "ಎಲ್ಲರಿಗೂ ಇಷ್ಟು ಬಿಸಿ" ಅನ್ನೋದು ಹೋಗಿ "ಇದಕ್ಕೆಷ್ಟು ಬೇಕು" ಅನ್ನೋ ಪ್ರಶ್ನೆ ಬಂತು.

ಅದೇ 1927ರಲ್ಲಿ ಇಂಡೋನೇಷಿಯಾದಿಂದ ಕೊಮೊಡೊ ಉಡಗಳು ಲಂಡನ್ನಿಗೆ ಬಂದವು. ಭಯಂಕರ ಪ್ರಾಣಿ ಅಂತ ಹೆಸರಾಗಿದ್ದ ಅವುಗಳಲ್ಲಿ ಒಂದು, ಸುಂಬಾವ ಅಂತ ಅದರ ಹೆಸರು, ಜೋನ್ ಹಿಂದೆ ನಾಯಿಮರಿಯ ಹಾಗೆ ಓಡಾಡ್ತಿತ್ತು. 1928ರಲ್ಲಿ ಪ್ರಾಣಿಶಾಸ್ತ್ರ ಸೊಸೈಟಿಯ ಸಭೆಗೇ ಅದನ್ನು ಕರೆದುಕೊಂಡು ಹೋಗಿ, ತನ್ನ ಕೈಯಿಂದ ತಿನ್ನಿಸುತ್ತಾ ಉಪನ್ಯಾಸ ಮಾಡಿದಳು. ಮೂರು ವರ್ಷದ ಮೇಲೆ, 1931ರಲ್ಲಿ, 34ನೇ ವಯಸ್ಸಿಗೆ ತೀರಿಕೊಂಡಳು.

ನಾನು 2023ರಲ್ಲಿ ಆ ಮನೆ ನೋಡೋಕೆ ಅಂತಲೇ ರೈಲು ಹತ್ತಿ ಹೋಗಿದ್ದೆ. ಅಲ್ಲಿಗೆ ಬರುವ ಬಹಳ ಜನಕ್ಕೆ ಅದು ಹ್ಯಾರಿ ಪಾಟರ್‌ನ ಮೊದಲ ಸಿನಿಮಾದಲ್ಲಿ ಹುಡುಗ ಹಾವಿನ ಜೊತೆ ಮಾತಾಡುವ ಜಾಗ. ಚಿತ್ರೀಕರಣ ನಡೆದದ್ದು ಅಲ್ಲೇ. ನಾನು ಮಾತ್ರ ಪೆಟ್ಟಿಗೆಗಳ ಹಿಂದುಗಡೆ ವೈರು ಹೇಗೆ ಹೋಗಿದೆ ಅಂತ ಇಣುಕಿ ನೋಡ್ತಾ ಇದ್ದೆ. 2024ರಲ್ಲಿ ಹಾವು ಹಲ್ಲಿಗಳನ್ನ ಅಲ್ಲೇ ಬೇರೆ ಹೊಸ ಜಾಗಕ್ಕೆ ಸಾಗಿಸಿದರು. ಹಳೆ ಮನೆಯೊಳಗೆ ಅವು ಇದ್ದಾಗ ನೋಡಿದೆನಲ್ಲ ಅನ್ನೋ ಸಮಾಧಾನ.

ಇಷ್ಟಾದರೂ ಒಂದು ವಿಷಯ ಬಾಕಿ ಇತ್ತು. ಯಾವ ಪೆಟ್ಟಿಗೆಗೆ ಎಷ್ಟು ಬಿಸಿ ಅಂತ ತೀರ್ಮಾನ ಮಾಡ್ತಾ ಇದ್ದದ್ದು ಇನ್ನೂ ಮನುಷ್ಯರೇ. ಪ್ರಾಣಿಯನ್ನೇ ಕೇಳಿದವರು ಅಮೆರಿಕದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್. ಕ್ಯಾಲಿಫೋರ್ನಿಯಾದ ಕೋಚೆಲಾ ಕಣಿವೆಯ ಮರಳುಗಾಡಿನಲ್ಲಿ ಹಲ್ಲಿ, ಹಾವುಗಳನ್ನ ಹಿಡಿದು ಅವುಗಳ ಮೈಬಿಸಿ ಅಳೆದು 1944ರಲ್ಲಿ ಒಂದು ದೊಡ್ಡ ಪ್ರಬಂಧ ಪ್ರಕಟಿಸಿದರು. ಗೊತ್ತಾಗಿದ್ದು ಇಷ್ಟು: ಹಲ್ಲಿಯ ಮೈ ಸುತ್ತಲಿನ ಗಾಳಿಯಷ್ಟೇ ಬಿಸಿ ಅಥವಾ ತಣ್ಣಗೆ ಇರುತ್ತೆ ಅನ್ನೋದು ತಪ್ಪು. ಓಡಾಡುವ ಹೊತ್ತಿನಲ್ಲಿ ಅದು ಬಿಸಿಲಿಗೆ ಬಂದು, ನೆರಳಿಗೆ ಹೋಗಿ, ಮತ್ತೆ ಬಿಸಿಲಿಗೆ ಬಂದು ತನ್ನ ಮೈಬಿಸಿಯನ್ನ ಕೆಲವೇ ಡಿಗ್ರಿಗಳ ಒಳಗೆ ಕಾಪಾಡಿಕೊಳ್ಳುತ್ತೆ. ಕೆಲವು ಮರಳುಗಾಡಿನ ಹಲ್ಲಿಗಳ ಮೈ ನಮ್ಮ ಮೈಗಿಂತ ಬಿಸಿ! ತಣ್ಣನೆ ರಕ್ತ ಅನ್ನೋ ಹೆಸರೇ ಸುಳ್ಳು. ಆದರೆ ಅದೇ ಹಲ್ಲಿಯನ್ನ ನೆರಳಿಲ್ಲದ ಬಿಸಿಲಲ್ಲಿ ಕಟ್ಟಿಹಾಕಿದ್ರೆ ಸ್ವಲ್ಪ ಹೊತ್ತಿಗೇ ಸಾಯುತ್ತೆ. ಅಂದ್ರೆ ನಮ್ಮ ಥರ್ಮೋಸ್ಟಾಟ್ ಮೈಯೊಳಗಿದೆ, ಹಲ್ಲಿಯ ಥರ್ಮೋಸ್ಟಾಟ್ ಅದರ ಕಾಲಲ್ಲಿದೆ. ನಡೆದುಹೋಗೋಕೆ ಜಾಗ ಇಲ್ಲ ಅಂದ್ರೆ ಆ ಥರ್ಮೋಸ್ಟಾಟ್ ಕೆಟ್ಟ ಹಾಗೆ.

ಅಮ್ಮ ಕೇಳಿದ್ದು ಇದನ್ನೇ ಅಲ್ವಾ? "ಅದು ಹೋಗೋದೆಲ್ಲಿಗೆ?"

ಮನೆಯಲ್ಲಿ ಸಾಕುವವರಿಗೆ ಈ ಪಾಠ ತಲುಪೋಕೆ ಇನ್ನೂ ಬಹಳ ಕಾಲ ಹಿಡಿಯಿತು. ಹಲ್ಲಿ, ಹಾವು ಸಾಕುವ ಹುಚ್ಚು ಅಮೆರಿಕ, ಯೂರೋಪಿನಲ್ಲಿ ಜೋರಾದ 1980, 90ರ ದಶಕಗಳಲ್ಲಿ "ಹಾಟ್ ರಾಕ್" ಅಂತ ಒಂದು ಬಂತು. ನೋಡೋಕೆ ಕಲ್ಲು, ಒಳಗೆ ಕರೆಂಟಿನ ತಂತಿ. ಅದೊಂದೇ ಬಿಸಿ ಇರುವ ಜಾಗ ಆದಾಗ ಪ್ರಾಣಿ ಅದರ ಮೇಲೇ ಅಂಟಿಕೊಂಡು ಕೂತು ಹೊಟ್ಟೆ ಸುಟ್ಟುಕೊಳ್ಳುತ್ತಿತ್ತು. ಇಂಥ ಗಾಯಗಳು ಪಶುವೈದ್ಯರಿಗೆ ಮಾಮೂಲಾದವು. ಆಮೇಲೆ ರಾತ್ರಿಗೆ ಅಂತ ಕೆಂಪು ಬಲ್ಬು. ಕೆಂಪು ಬೆಳಕು ಹಲ್ಲಿಗೆ ಕಾಣಲ್ಲ, ಅದರ ನಿದ್ದೆಗೂ ಓಡಾಟಕ್ಕೂ ತೊಂದರೆ ಇಲ್ಲ ಅಂತ ಎಲ್ಲರೂ ನಂಬಿದ್ರು. ಕಾಣಲ್ಲ ಅಂತ ಯಾರು ಹೇಳಿದ್ರು? ಹಗಲಲ್ಲಿ ಓಡಾಡುವ ಬಹುಪಾಲು ಹಲ್ಲಿಗಳಿಗೆ ಕೆಂಪು ಚೆನ್ನಾಗಿಯೇ ಕಾಣುತ್ತೆ. 2004ರಲ್ಲಿ ಲೀನಾ ರೋತ್ ಮತ್ತು ಆಲ್ಮುತ್ ಕೆಲ್ಬರ್ ಎಂಬ ವಿಜ್ಞಾನಿಗಳು ರಾತ್ರಿ ಓಡಾಡುವ ಒಂದು ಜಾತಿಯ ಗೆಕೊ, ನಮಗೆ ಎಲ್ಲವೂ ಬೂದು ಕಾಣುವ ಮಂದ ಬೆಳಕಿನಲ್ಲೂ ಬಣ್ಣ ಗುರುತಿಸುತ್ತೆ ಅಂತ ತೋರಿಸಿದರು. ನಮಗೆ ಕತ್ತಲು ಅನ್ನಿಸಿದ್ದು ಅದಕ್ಕೆ ಕತ್ತಲಲ್ಲ.

ಬಲ್ಬಿನದ್ದೇ ಇನ್ನೊಂದು ವ್ಯಂಗ್ಯ ಇದೆ. ಹಳೆ ಕಾಲದ ತಂತಿ ಬಲ್ಬು ತಿನ್ನುವ ಕರೆಂಟಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಬಿಸಿಯಾಗಿ ಹೋಗುತ್ತೆ ಅಂತ ಯೂರೋಪಿನಲ್ಲಿ 2009ರಿಂದ 2012ರ ಒಳಗೆ ಅದನ್ನ ಹಂತಹಂತವಾಗಿ ಅಂಗಡಿಯಿಂದ ತೆಗೆದರು. ಹಲ್ಲಿ ಸಾಕುವವರಿಗೆ ಬೇಕಾಗಿದ್ದದ್ದು ಆ ಶೇಕಡಾ 90ನ್ನೇ! ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಒಬ್ಬರ ಬಗ್ ಇನ್ನೊಬ್ಬರ ಫೀಚರ್. ಬೆಳಕು ಕೊಡದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್‌ಗಳು ರಾತ್ರಿಯ ಮಟ್ಟಿಗೆ ಆ ಜಾಗ ತುಂಬಿದವು. ಜೊತೆಗೆ ಥರ್ಮೋಸ್ಟಾಟ್. ಇದೂ ಹೊಸದೇನಲ್ಲ. ಹದಿನೇಳನೇ ಶತಮಾನದ ಆರಂಭದಲ್ಲೇ ಇಂಗ್ಲೆಂಡಿನಲ್ಲಿದ್ದ ಡಚ್ಚಿನವ ಕಾರ್ನೆಲಿಸ್ ಡ್ರೆಬೆಲ್, ಕೋಳಿಮೊಟ್ಟೆಗೆ ಒಂದೇ ಹದದ ಕಾವು ಕೊಡುವ, ತಾನೇ ಬೆಂಕಿ ಏರಿಸಿ ಇಳಿಸಿಕೊಳ್ಳುವ ಪೆಟ್ಟಿಗೆ ಮಾಡಿದ್ದ. ಎರಡು ಲೋಹದ ಪಟ್ಟಿ ಅಂಟಿಸಿ, ಬಿಸಿಗೆ ಅದು ಬಾಗುವುದನ್ನ ಬಳಸುವ ಥರ್ಮೋಸ್ಟಾಟಿಗೆ ಸ್ಕಾಟ್ಲೆಂಡಿನ ಆಂಡ್ರ್ಯೂ ಯೂರ್ 1830ರಲ್ಲಿ ಪೇಟೆಂಟ್ ಪಡೆದ.

ಇಷ್ಟು ಓದಿದ ಮೇಲೆ ಆ ರಾತ್ರಿಯ ನನ್ನ ಗಾಬರಿ ಬಗ್ಗೆ ನಗು ಬಂತು. ಗೌಳಿಯ ಮೂಲ ಊರಾದ ಕಲ್ಲುಗುಡ್ಡಗಳಲ್ಲಿ ರಾತ್ರಿ ತಣ್ಣಗಾಗುತ್ತೆ, ಚಳಿಗಾಲದಲ್ಲಂತೂ ಚೆನ್ನಾಗಿಯೇ ಕೊರೆಯುತ್ತೆ. ಅಲ್ಲಿನ ಹಲ್ಲಿಗಳು ಹಗಲೆಲ್ಲಾ ಕಾದ ಕಲ್ಲಿನ ಸಂದಿಯಲ್ಲಿ ಆ ಬಿಸಿ ಹೀರಿಕೊಳ್ಳುತ್ತವೆ, ಚಳಿ ಹೆಚ್ಚಾದರೆ ಒಳಗೆ ಸರಿಯುತ್ತವೆ, ಬಾಲದ ಕೊಬ್ಬಿನಲ್ಲಿ ದಿನ ದೂಡುತ್ತವೆ. ಒಂದು ರಾತ್ರಿಯ 15 ಡಿಗ್ರಿ ಆರೋಗ್ಯವಂತ ಗೌಳಿಯನ್ನ ಕೊಲ್ಲುತ್ತಿರಲಿಲ್ಲ. ನನ್ನ 37 ಡಿಗ್ರಿಯ ಪ್ರೀತಿ ಕೊಲ್ಲಬಹುದಿತ್ತು. (ಹಾಗಂತ ದಿನಾ 15ಕ್ಕೆ ಬಿಡಬೇಡಿ. ಬಿಸಿ ಸಿಗದಿದ್ದರೆ ತಿಂದದ್ದು ಅರಗಲ್ಲ, ಕಾಯಿಲೆ ಬೀಳುತ್ತೆ. ಮಳೆಕಾಡಿನ ಪ್ರಾಣಿಗಳ ಲೆಕ್ಕವೂ ಬೇರೆ.)

ಈಗ ನನ್ನ ಪೆಟ್ಟಿಗೆಯಲ್ಲಿ ಹಗಲು ಒಂದು ತುದಿಯ ಗೂಡು 32 ಡಿಗ್ರಿ, ಇನ್ನೊಂದು ತುದಿ 24. ಬಿಸಿ ತುದಿಯಲ್ಲಿ ದಪ್ಪನೆ ಕಲ್ಲು ಚಪ್ಪಡಿ ಹಾಕಿದ್ದೀನಿ. ಹಗಲೆಲ್ಲಾ ಕಾಯುತ್ತೆ, ರಾತ್ರಿ ನಿಧಾನಕ್ಕೆ ಬಿಟ್ಟುಕೊಡುತ್ತೆ. ರಾತ್ರಿ ತಣ್ಣನೆ ತುದಿ 19, 20ಕ್ಕೆ ಇಳಿಯಲು ಬಿಡ್ತೀನಿ, ಇನ್ನೂ ಇಳಿದರೆ ಮಾತ್ರ ಹೀಟರ್ ಹತ್ತಿಕೊಳ್ಳುತ್ತೆ. ಎರಡು ತುದಿಗೂ ಒಂದೊಂದು ಥರ್ಮಾಮೀಟರ್. ಖರ್ಚೂ ಕಮ್ಮಿಯಾಯ್ತು, ರೂಮ್‌ಮೇಟುಗಳ ಬಾಯೂ ಮುಚ್ಚಿತು. ಗೌಳಿ ರಾತ್ರಿ ಹನ್ನೊಂದಕ್ಕೆ ಚಪ್ಪಡಿ ಮೇಲೆ ಚಪ್ಪಟೆಯಾಗಿ ಬಿದ್ದಿರುತ್ತೆ, ಬೆಳಗಿನ ಜಾವ ಎದ್ದು ನೋಡಿದ್ರೆ ತಣ್ಣನೆ ಮೂಲೆಯಲ್ಲಿ. ಯಾಕೆ ಹೋಯ್ತು ಅಂತ ನಾನು ಕೇಳೋಕೆ ಹೋಗಲ್ಲ.

ಅಮ್ಮ ಈಗ ವಾರಕ್ಕೊಮ್ಮೆ ಫೋನ್ ಮಾಡಿದಾಗ ಮೊದಲು ನನ್ನ ಊಟ, ಆಮೇಲೆ ಗೌಳಿಯ ಊಟ ವಿಚಾರಿಸ್ತಾಳೆ. ಮೊದಮೊದಲು ಇಲ್ಲಿಗೆ ಬಂದಾಗ "ಸ್ವೆಟರ್ ಹಾಕ್ಕೋ, ಕಿಟಕಿ ಮುಚ್ಕೋ, ಹೊರಗೆ ಹೋಗ್ಬೇಡ" ಅಂತಿದ್ದವಳು ಈಚೆಗೆ ಅದನ್ನೆಲ್ಲಾ ಹೇಳೋದು ಬಿಟ್ಟಿದ್ದಾಳೆ. ಹೋದ ವಾರ ಯಾಕೆ ಅಂತ ಕೇಳಿದೆ.

"ನಿಂಗೆ ಗೊತ್ತಾಗಲ್ವಾ, ಚಳಿ ಆದ್ರೆ ಹಾಕ್ಕೋತೀಯ" ಅಂದ್ಲು.

ನಿಮ್ಮಲ್ಲಿ ಯಾರಾದ್ರೂ ಆಮೆನೋ ಹಲ್ಲಿನೋ ಸಾಕಿದ್ದರೆ, ಅಥವಾ ಮನೆಯಲ್ಲಿ ಹಿಂದೆ ರೇಷ್ಮೆ ಹುಳ ಸಾಕಿದ್ದ ಅಜ್ಜಿಯಂದಿರಿದ್ದರೆ, ಚಳಿಗಾಲದ ರಾತ್ರಿ ಏನು ಮಾಡ್ತಿದ್ರು ಅಂತ ಕೇಳಿ ನೋಡಿ. ನನಗೂ ತಿಳಿಸಿ.